350 ಸಿಸಿ ಗೆರೆಯ ಆಚೀಚೆ: ಎಂಜಿನ್ನಿನ ಗುಣ ನಿರ್ಧರಿಸುವ ಕ್ಯಾಮ್‌ಶಾಫ್ಟ್

2025ರ ಸೆಪ್ಟೆಂಬರ್ 22ರಿಂದ ದೇಶದಲ್ಲಿ ಬೈಕುಗಳ ಬೆಲೆ ಎರಡು ದಿಕ್ಕಿಗೆ ಸರಿಯಿತು. ಅದೇ ತಿಂಗಳ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆಯ ತೀರ್ಮಾನದಂತೆ 350 ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡ ಎಂಜಿನ್ನಿನ ಬೈಕುಗಳಿಗೆ ಸೆಸ್ ಸೇರಿ ಶೇ 31 ಇದ್ದದ್ದು ಶೇ 40ಕ್ಕೆ ಏರಿತು. ತೆರಿಗೆಗೆ ಮುಂಚಿನ ಬೆಲೆ ಎರಡು ಲಕ್ಷ ರೂಪಾಯಿ ಎಂದುಕೊಳ್ಳಿ. ಗೆರೆಯ ಈಚೆಗಿದ್ದರೆ 36 ಸಾವಿರ ತೆರಿಗೆ, ಆಚೆಗಿದ್ದರೆ 80 ಸಾವಿರ. 349 ಮತ್ತು 351ರ ನಡುವೆ 44 ಸಾವಿರ ರೂಪಾಯಿಯ ಕಂದಕ ಬಿದ್ದಿದೆ.

ಇಷ್ಟು ದೊಡ್ಡ ಅಂತರ ಎದುರಾದಾಗ, 400 ಸಿಸಿ ಆಸುಪಾಸಿನ ಎಂಜಿನ್‌ಗಳನ್ನು 350ರ ಕೆಳಗೆ ತರಬಹುದೇ ಎಂಬ ಚರ್ಚೆ ಹುಟ್ಟುವುದು ಸಹಜ. ಕೊಳ್ಳುವವರ ಗೊಂದಲ ಆರಂಭವಾಗುವುದೂ ಅಲ್ಲಿಯೇ. 349 ಸಿಸಿಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ಕೊಡುವುದು 20.2 ಬಿಎಚ್‌ಪಿ, 199.5 ಸಿಸಿಯ ಕೆಟಿಎಂ 200 ಡ್ಯೂಕ್ ಕೊಡುವುದು 25 ಪಿಎಸ್. ಬಿಎಚ್‌ಪಿ, ಪಿಎಸ್ ಎರಡೂ ಶಕ್ತಿಯ ಮಾನಗಳೇ; ಒಂದು ಬಿಎಚ್‌ಪಿಗೂ ಒಂದು ಪಿಎಸ್‌ಗೂ ಶೇಕಡಾ ಒಂದೂವರೆಯಷ್ಟೇ ವ್ಯತ್ಯಾಸ. ಅಂದರೆ ಸಣ್ಣ ಎಂಜಿನ್ನೇ ಹೆಚ್ಚು ಶಕ್ತಿಶಾಲಿ ಎಂದಾಯಿತು. ಹಾಗಿದ್ದರೆ ಸಿಸಿ ಅಳೆಯುವುದು ಏನನ್ನು? 400 ಸಿಸಿ ಎಂಜಿನ್ 350 ಆದರೆ ನಾವು ಕಳೆದುಕೊಳ್ಳುವುದು ಎಷ್ಟು? ಈ ಪ್ರಶ್ನೆಗಳ ಉತ್ತರದ ಬಹುಪಾಲು, ಮಾರಾಟದ ಕರಪತ್ರಗಳು ಹೆಸರೇ ಎತ್ತದ ಒಂದು ಭಾಗದಲ್ಲಿದೆ. ಎಂಜಿನ್ನಿನ ಹೆಡ್‌ನೊಳಗೆ, ಅಂದರೆ ಸಿಲಿಂಡರಿನ ಮೇಲ್ಮುಚ್ಚಳದೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಅದು.

ಸೇರಿನ ಅಳತೆ, ಅಳೆಯುವ ವೇಗ

ಸಿಸಿ ಎಂದರೆ ಪಿಸ್ಟನ್ ಒಮ್ಮೆ ಮೇಲಿನಿಂದ ಕೆಳಕ್ಕೆ ಸರಿದಾಗ ತೆರವಾಗುವ ಜಾಗ. ಅಕ್ಕಿ ಅಳೆಯುವ ಸೇರಿನ ಹಾಗೆ. ಸೇರು ದೊಡ್ಡದಿದ್ದ ಮಾತ್ರಕ್ಕೆ ಹೆಚ್ಚು ಅಕ್ಕಿ ಅಳೆದಂತಾಗುವುದಿಲ್ಲ. ಪ್ರತಿ ಸಲವೂ ತುಂಬಿ ಅಳೆದರೇ, ನಿಮಿಷಕ್ಕೆ ಎಷ್ಟು ಸಲ ಅಳೆದರು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಂಜಿನ್ನಿನ ಭಾಷೆಯಲ್ಲಿ, ಒಂದು ಸಲ ಎಷ್ಟು ತುಂಬಿತು ಎಂಬುದನ್ನು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ, ತೋರಿಸುತ್ತದೆ. ಅದನ್ನು ನಿಮಿಷದ ಸುತ್ತುಗಳೊಂದಿಗೆ, ಅಂದರೆ ಆರ್‌ಪಿಎಂನೊಂದಿಗೆ ಗುಣಿಸಿದರೆ ಶಕ್ತಿ ಸಿಗುತ್ತದೆ. ಎನ್‌ಎಂನಲ್ಲಿ (ನ್ಯೂಟನ್ ಮೀಟರ್) ಇರುವ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7023ರಿಂದ ಭಾಗಿಸಿ; ಬರುವ ಉತ್ತರವೇ ಪಿಎಸ್. ಈ ಒಂದು ಸೂತ್ರ ಕೈಯಲ್ಲಿದ್ದರೆ ಕರಪತ್ರದ ಅರ್ಧ ಮಬ್ಬು ಹರಿಯುತ್ತದೆ.

ಮೇಲಿನ ಎರಡು ಬೈಕುಗಳನ್ನೇ ನೋಡೋಣ. ಎರಡರ ಸಿಲಿಂಡರ್ ಬಾಯಿಯ ಅಗಲವೂ 72 ಮಿ.ಮೀ. ಪಿಸ್ಟನ್ ಚಲಿಸುವ ದೂರ, ಅಂದರೆ ಸ್ಟ್ರೋಕ್, ಮಾತ್ರ ಬೇರೆ: ಕ್ಲಾಸಿಕ್‌ನಲ್ಲಿ 85.8 ಮಿ.ಮೀ., ಡ್ಯೂಕ್‌ನಲ್ಲಿ 49 ಮಿ.ಮೀ. ಕ್ಲಾಸಿಕ್‌ನ ಗರಿಷ್ಠ ಟಾರ್ಕ್ 4,000 ಆರ್‌ಪಿಎಂನಲ್ಲಿ 27 ಎನ್‌ಎಂ. ಡ್ಯೂಕ್‌ನದು 8,000 ಆರ್‌ಪಿಎಂನಲ್ಲಿ 19.3 ಎನ್‌ಎಂ. ಇವನ್ನು ಸಿಸಿಗೆ ಹೋಲಿಸಿ ಲೀಟರಿನ ಲೆಕ್ಕಕ್ಕೆ ತಂದರೆ ಕ್ಲಾಸಿಕ್‌ಗೆ ಸುಮಾರು 77, ಡ್ಯೂಕ್‌ಗೆ ಸುಮಾರು 97 ಎನ್‌ಎಂ. ಡ್ಯೂಕ್‌ನ ನಾಲ್ಕು ವಾಲ್ವ್‌ಗಳ ಹೆಡ್, ಕ್ಲಾಸಿಕ್‌ನ ಎರಡು ವಾಲ್ವ್‌ಗಳ ಹೆಡ್‌ಗಿಂತ ಚೆನ್ನಾಗಿ ಉಸಿರಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಅಷ್ಟಾದರೂ ಅಂತರ ಕಾಲು ಭಾಗದಷ್ಟೇ. ಶಕ್ತಿಯನ್ನು ಹಾಗೆಯೇ ಲೀಟರಿನ ಲೆಕ್ಕಕ್ಕೆ ತಂದರೆ ಅಂತರ ಎರಡು ಪಟ್ಟು ಮೀರುತ್ತದೆ: ಸುಮಾರು 59 ಪಿಎಸ್ ಎದುರು 125 ಪಿಎಸ್. ಈ ಹೆಚ್ಚುವರಿ ಬಂದದ್ದು ಮುಖ್ಯವಾಗಿ ವೇಗದಿಂದ. ಕ್ಲಾಸಿಕ್ ತನ್ನ ಗರಿಷ್ಠ ಶಕ್ತಿಯನ್ನು 6,100 ಆರ್‌ಪಿಎಂನಲ್ಲಿ ಕೊಟ್ಟು ಮುಗಿಸುತ್ತದೆ. ಡ್ಯೂಕ್ 10,000ದಲ್ಲಿ ಕೊಡುತ್ತದೆ.

ಎಂಜಿನ್ ಯಾವ ವೇಗದಲ್ಲಿ ಚೆನ್ನಾಗಿ ತುಂಬಿಕೊಳ್ಳಬೇಕು, ಯಾವ ವೇಗ ದಾಟಿದ ಮೇಲೆ ಉಸಿರು ಕಟ್ಟಬೇಕು ಎಂಬ ತೀರ್ಮಾನವನ್ನು ವಿನ್ಯಾಸಕಾರರು ಉಕ್ಕಿನಲ್ಲಿ ಕೆತ್ತಿಡುತ್ತಾರೆ. ಆ ಕೆತ್ತನೆಯೇ ಕ್ಯಾಮ್.

ನೀರುಗಂಟಿಯ ಕೆಲಸ

ಕೆರೆಯ ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು, ಯಾವಾಗ ಇಳಿಸಬೇಕು ಎಂದು ನೋಡಿಕೊಳ್ಳುವವನು ನೀರುಗಂಟಿ. ಎಂಜಿನ್ನಿನೊಳಗೆ ಕ್ಯಾಮ್‌ಶಾಫ್ಟ್ ಮಾಡುವುದೂ ಅದನ್ನೇ. ಅದೊಂದು ಉಕ್ಕಿನ ದಂಡ. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ದಂಡ ತಿರುಗಿದಾಗ ಉಬ್ಬು ರಾಕರ್ ಆರ್ಮನ್ನೋ ಟ್ಯಾಪೆಟ್ಟನ್ನೋ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗ್ ವಾಲ್ವನ್ನು ಮತ್ತೆ ಮುಚ್ಚುತ್ತದೆ. ಇನ್‌ಲೆಟ್ ವಾಲ್ವ್ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಬಿಡುತ್ತದೆ, ಎಕ್ಸಾಸ್ಟ್ ವಾಲ್ವ್ ಸುಟ್ಟ ಹೊಗೆಯನ್ನು ಹೊರಬಿಡುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ದಂಡ, ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಟೈಮಿಂಗ್ ಚೈನ್ ಈ ಎರಡನ್ನೂ ಹೊಂದಿಸಿ ಹಿಡಿದಿರುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳ ಜೊತೆ ಬೆಳೆದವರಿಗೆ ಕ್ಯಾಮ್ ಎಂಬ ಪದ ಅಷ್ಟಾಗಿ ಕಿವಿಗೆ ಬಿದ್ದಿರಲಿಲ್ಲ, ಅದಕ್ಕೆ ಕಾರಣವಿದೆ. ಅವು ಟೂ ಸ್ಟ್ರೋಕ್ ಎಂಜಿನ್‌ಗಳು. ಸಿಲಿಂಡರಿನ ಗೋಡೆಯಲ್ಲೇ ಕೊರೆದ ಕಿಂಡಿಗಳನ್ನು ಪಿಸ್ಟನ್ ತಾನೇ ತೆರೆದು ಮುಚ್ಚುತ್ತಿತ್ತು. ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಅದೇ ಹೆಸರಿನಲ್ಲಿ ಇಂದು ಬರುವ 334 ಸಿಸಿ ಎಂಜಿನ್ ಫೋರ್ ಸ್ಟ್ರೋಕ್. ಆ 334 ಸಿಸಿಯಿಂದ ಜಾವಾ 350ರಲ್ಲಿ ಹೊರಡುವುದು ಸುಮಾರು 22 ಪಿಎಸ್, ಯೆಜ್ಡಿ ಅಡ್ವೆಂಚರ್‌ನಲ್ಲಿ ಸುಮಾರು 29 ಪಿಎಸ್. ಗರಿಷ್ಠ ಟಾರ್ಕ್ ಎರಡರಲ್ಲೂ ಹೆಚ್ಚುಕಡಿಮೆ ಅಕ್ಕಪಕ್ಕದಲ್ಲೇ ಇದೆ. ಇಷ್ಟು ವ್ಯತ್ಯಾಸಕ್ಕೆ ಒಂದೇ ಭಾಗವನ್ನು ಹೊಣೆ ಮಾಡಲಾಗದು. ಹೀಗಿದ್ದರೂ ಒಂದೇ ಅಳತೆಯ ಎಂಜಿನ್ನನ್ನು ಎರಡು ಸ್ವಭಾವಕ್ಕೆ ಹದಗೊಳಿಸಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತೆರೆದಿರುವ ಅವಧಿ

ಕ್ಯಾಮ್‌ನ ವಿವರಗಳಲ್ಲಿ ಮೊದಲು ಕಾಣುವುದು ಡ್ಯುರೇಶನ್, ಅಂದರೆ ವಾಲ್ವ್ ತೆರೆದಿರುವ ಅವಧಿ. ಇದನ್ನು ಸೆಕೆಂಡಿನಲ್ಲಿ ಅಳೆಯುವುದಿಲ್ಲ, ಕ್ರ್ಯಾಂಕ್ ತಿರುಗಿದ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಪಿಸ್ಟನ್ ಮೇಲ್ತುದಿ ಮುಟ್ಟುವ 15 ಡಿಗ್ರಿ ಮುಂಚೆ ಇನ್‌ಲೆಟ್ ವಾಲ್ವ್ ತೆರೆಯಿತು, ಕೆಳತುದಿ ಮುಟ್ಟಿ 50 ಡಿಗ್ರಿ ದಾಟಿದ ಮೇಲೆ ಮುಚ್ಚಿತು ಎಂದುಕೊಳ್ಳಿ. ನಡುವಿನ 180 ಸೇರಿ ಒಟ್ಟು 245 ಡಿಗ್ರಿ.

ಪಿಸ್ಟನ್ ಕೆಳತುದಿ ಮುಟ್ಟಿ ಮತ್ತೆ ಮೇಲೇರತೊಡಗಿದ ನಂತರವೂ ವಾಲ್ವ್ ಏಕೆ ತೆರೆದಿರಬೇಕು? ಕ್ಯಾಮ್‌ನ ಮರ್ಮ ಅಡಗಿರುವುದು ಈ ಪ್ರಶ್ನೆಯಲ್ಲೇ. ಗಾಳಿಗೂ ತೂಕವಿದೆ. ಕಾಲುವೆಯಲ್ಲಿ ರಭಸದಿಂದ ಬರುತ್ತಿರುವ ನೀರು ಎದುರಿಗೆ ಅಡ್ಡ ಬಂದ ಕೂಡಲೇ ನಿಲ್ಲುವುದಿಲ್ಲ, ಸ್ವಲ್ಪ ದೂರ ನುಗ್ಗಿಯೇ ನಿಲ್ಲುತ್ತದೆ. ಒಳಬರುವ ಮಿಶ್ರಣವೂ ಹಾಗೆ. ಎಂಜಿನ್ ವೇಗವಾಗಿ ತಿರುಗುತ್ತಿದ್ದರೆ ಈ ರಭಸ ಜೋರಾಗಿರುತ್ತದೆ. ಪಿಸ್ಟನ್ ಮೇಲೇರುತ್ತಿದ್ದರೂ ಮಿಶ್ರಣ ಒಳಗೆ ತುಂಬಿಕೊಳ್ಳುತ್ತಲೇ ಇರುತ್ತದೆ. ನಿಧಾನವಾಗಿ ತಿರುಗುತ್ತಿದ್ದರೆ ರಭಸವಿಲ್ಲ. ಆಗ ತಡವಾಗಿ ಮುಚ್ಚುವ ವಾಲ್ವ್‌ನಿಂದ ಒಳಬಂದ ಮಿಶ್ರಣವೇ ಹಿಂದಕ್ಕೆ ಹೊರಳುತ್ತದೆ.

ಇದಕ್ಕೆ ಸಮಯದ ಲೆಕ್ಕವನ್ನೂ ಸೇರಿಸಿ. 245 ಡಿಗ್ರಿಯ ಕ್ಯಾಮ್ 3,000 ಆರ್‌ಪಿಎಂನಲ್ಲಿ ವಾಲ್ವನ್ನು 13.6 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ 13.6 ಭಾಗ ಕಾಲ ತೆರೆದಿಡುತ್ತದೆ. 9,000ದಲ್ಲಿ ಅದೇ ಕ್ಯಾಮ್‌ಗೆ ಸಿಗುವುದು 4.5 ಭಾಗ ಮಾತ್ರ. ಅಷ್ಟರೊಳಗೆ ಸಿಲಿಂಡರ್ ತುಂಬಬೇಕು. ಅದಕ್ಕಾಗಿ ಜೋರು ಎಂಜಿನ್‌ಗಳಿಗೆ ಅವಧಿ ಹೆಚ್ಚಿಸುತ್ತಾರೆ. ಮೇಲ್ತುದಿಗೆ 30 ಡಿಗ್ರಿ ಮುಂಚೆ ತೆರೆದು ಕೆಳತುದಿ ದಾಟಿ 70 ಡಿಗ್ರಿಗೆ ಮುಚ್ಚುವ ಕ್ಯಾಮ್ ಆದರೆ ಒಟ್ಟು 280 ಡಿಗ್ರಿ; 9,000 ಆರ್‌ಪಿಎಂನಲ್ಲಿ 5.2 ಭಾಗದಷ್ಟು ಕಾಲಾವಕಾಶ.

ಆದರೆ ಈ 70 ಡಿಗ್ರಿಗೆ ಬೆಲೆ ತೆರಬೇಕು. ವಾಲ್ವ್ ಮುಚ್ಚುವ ಹೊತ್ತಿಗೆ ಪಿಸ್ಟನ್ ತನ್ನ ದಾರಿಯ ಸುಮಾರು ಕಾಲು ಭಾಗ ಮೇಲೇರಿರುತ್ತದೆ. 50 ಡಿಗ್ರಿಗೆ ಮುಚ್ಚುವ ಕ್ಯಾಮ್‌ನಲ್ಲಿ ಏರಿದ್ದು ಏಳನೇ ಒಂದು ಭಾಗದಷ್ಟೇ. ನಿಧಾನದ ವೇಗದಲ್ಲಿ ಹೀಗೆ ಏರಿದ ಭಾಗವೆಲ್ಲ ವ್ಯರ್ಥ. ನಿಜವಾದ ಒತ್ತುವಿಕೆ ಶುರುವಾಗುವುದೇ ವಾಲ್ವ್ ಮುಚ್ಚಿದ ಮೇಲೆ. ಕಾಗದದ ಮೇಲೆ 11:1 ಕಂಪ್ರೆಶನ್ ಇರುವ, ಅಂದರೆ ಮಿಶ್ರಣವನ್ನು ಹನ್ನೊಂದನೇ ಒಂದು ಭಾಗಕ್ಕೆ ಒತ್ತುವ ಎಂಜಿನ್ ಮೊದಲ ಕ್ಯಾಮ್‌ನಲ್ಲಿ ಸುಮಾರು 9.6:1ರಂತೆಯೂ, ಎರಡನೆಯದರಲ್ಲಿ ಸುಮಾರು 8.4:1ರಂತೆಯೂ ವರ್ತಿಸುತ್ತದೆ. ಟ್ರಾಫಿಕ್‌ನಲ್ಲಿ ಪಿಕಪ್ ಇಲ್ಲ, ಗೇರ್ ಇಳಿಸದೆ ಬೈಕ್ ಮುಂದಕ್ಕೆ ಹೋಗುವುದಿಲ್ಲ ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಲೆಕ್ಕವೇ. ಇನ್‌ಲೆಟ್ ವಾಲ್ವ್ ಮುಚ್ಚುವ ಕ್ಷಣ ಯಾವುದು ಎಂಬ ಒಂದು ಅಂಕಿ ಗೊತ್ತಾದರೆ, ಕ್ಯಾಮ್‌ನ ಉಳಿದ ಯಾವ ಅಂಕಿಗಿಂತಲೂ ಹೆಚ್ಚಾಗಿ ಎಂಜಿನ್ನಿನ ಸ್ವಭಾವ ತಿಳಿಯುತ್ತದೆ.

ಎತ್ತುವ ಎತ್ತರ

ಲಿಫ್ಟ್ ಎಂದರೆ ವಾಲ್ವ್ ತನ್ನ ಪೀಠದಿಂದ ಎಷ್ಟು ಮಿ.ಮೀ. ಮೇಲೇಳುತ್ತದೆ ಎಂಬುದು. ಹೆಚ್ಚು ಎತ್ತಿದಷ್ಟೂ ಒಳ್ಳೆಯದು ಎಂದು ತೋರುತ್ತದೆ. ಒಂದು ಮಟ್ಟದವರೆಗೆ ಅದು ನಿಜವೂ ಹೌದು. ವಾಲ್ವ್‌ನ ಸುತ್ತ ತೆರೆಯುವ ಜಾಗ ಅದರ ವ್ಯಾಸದ ಕಾಲು ಭಾಗದಷ್ಟು ಎತ್ತಿದಾಗ ವಾಲ್ವ್‌ನ ಬಾಯಿಯ ವಿಸ್ತೀರ್ಣಕ್ಕೆ ಸಮವಾಗುತ್ತದೆ. 36 ಮಿ.ಮೀ. ವಾಲ್ವ್‌ಗೆ ಇದು 9 ಮಿ.ಮೀ. ಅದಕ್ಕಿಂತ ಮೇಲೆತ್ತಿದರೆ ಲಾಭ ಬೇಗನೆ ತೆಳುವಾಗುತ್ತದೆ, ಏಕೆಂದರೆ ಅಡ್ಡಿಯಾಗಿ ಉಳಿಯುವುದು ಪೋರ್ಟ್, ಅಂದರೆ ವಾಲ್ವ್‌ವರೆಗಿನ ದಾರಿ. ಅತ್ತ ಸ್ಪ್ರಿಂಗ್ ಮೇಲಿನ ಹೊರೆ, ಉಬ್ಬಿನ ತುದಿಯ ಸವೆತ, ವಾಲ್ವ್ ಹೋಗಿ ಪಿಸ್ಟನ್ನಿಗೆ ತಾಗುವ ಅಪಾಯ ಏರುತ್ತಲೇ ಹೋಗುತ್ತವೆ.

ಎರಡೂ ವಾಲ್ವ್ ತೆರೆದಿರುವ ಹೊತ್ತು

ಹೊಗೆ ಹೊರಹೋಗುತ್ತಿರುವಾಗಲೇ ಹೊಸ ಮಿಶ್ರಣ ಒಳಬರತೊಡಗುವ ಒಂದು ಸಣ್ಣ ಗಳಿಗೆ ಇದೆ. ಇದೇ ಓವರ್‌ಲ್ಯಾಪ್. ಹೆಚ್ಚಿನ ವೇಗದಲ್ಲಿ ಹೊರಗೆ ಧಾವಿಸುವ ಹೊಗೆ ತನ್ನ ಹಿಂದೆ ಒತ್ತಡ ತಗ್ಗಿಸಿ ಹೊಸ ಮಿಶ್ರಣವನ್ನು ಸೆಳೆದುಕೊಳ್ಳುತ್ತದೆ. ಸಿಲಿಂಡರ್ ಇನ್ನಷ್ಟು ಚೆನ್ನಾಗಿ ತುಂಬುತ್ತದೆ. ಐಡ್ಲಿಂಗ್‌ನಲ್ಲಿ ಇದೇ ಓವರ್‌ಲ್ಯಾಪ್ ಹೊಗೆಯನ್ನು ಒಳಕ್ಕೆ ಹಿಂತಿರುಗಿಸುತ್ತದೆ, ಎಂಜಿನ್ ಕುಂಟುತ್ತದೆ. ಸುಡದ ಪೆಟ್ರೋಲ್ ಎಕ್ಸಾಸ್ಟ್‌ಗೆ ನುಸುಳಿದರೆ ಹೈಡ್ರೋಕಾರ್ಬನ್ ಪ್ರಮಾಣ ಏರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಜಾರಿಯಾದ ಮೇಲೆ ವಿನ್ಯಾಸಕಾರರು ಇಲ್ಲಿ ಕೈ ಬಿಗಿ ಹಿಡಿಯಬೇಕಾಯಿತು.

ಓವರ್‌ಲ್ಯಾಪ್ ಎಷ್ಟು ಎಂಬುದನ್ನು ಅವಧಿಯ ಜೊತೆಗೆ ನಿರ್ಧರಿಸುವುದು ಇನ್‌ಲೆಟ್ ಮತ್ತು ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ. ಎರಡೂ ಉಬ್ಬುಗಳು 250 ಡಿಗ್ರಿಯವಾಗಿದ್ದು ಕೋನ 108 ಆದರೆ ಓವರ್‌ಲ್ಯಾಪ್ 34 ಡಿಗ್ರಿ. ಕೋನವನ್ನು 112ಕ್ಕೆ ಹಿಗ್ಗಿಸಿದರೆ 26ಕ್ಕೆ ಇಳಿಯುತ್ತದೆ, 104ಕ್ಕೆ ಕುಗ್ಗಿಸಿದರೆ 42ಕ್ಕೆ ಏರುತ್ತದೆ. ಅವಧಿ ಒಂದೇ, ಲಿಫ್ಟ್ ಒಂದೇ. ನಾಲ್ಕು ಡಿಗ್ರಿ ಸರಿಸಿದ್ದಕ್ಕೆ ಎಂಜಿನ್ನಿನ ನಡೆ ಬೇರೆ.

ಒಂದೇ ಕ್ಯಾಮ್‌ಗೆ ಎರಡು ಅಂಕಿ

ಕ್ಯಾಮ್‌ಗಳನ್ನು ಹೋಲಿಸಹೊರಟವರು ಎಡವುವುದು ಅಳತೆಯ ಆರಂಭದಲ್ಲೇ. ವಾಲ್ವ್ ಪೀಠದಿಂದ ಕೂದಲೆಳೆಯಷ್ಟು ಎದ್ದ ಕ್ಷಣದಿಂದ ಎಣಿಸಿದರೆ ಅವಧಿ ದೊಡ್ಡದಾಗಿ ಬರುತ್ತದೆ. ಜಪಾನಿನ ಬೈಕ್ ಲೋಕದಲ್ಲಿ 1 ಮಿ.ಮೀ. ಎದ್ದ ಮೇಲೆ ಎಣಿಸುವ ರೂಢಿಯಿದೆ. ಅಮೆರಿಕದ ಕಾರು ಲೋಕದಲ್ಲಿ ಟ್ಯಾಪೆಟ್ ಒಂದು ಇಂಚಿನ ಸಾವಿರ ಭಾಗಗಳಲ್ಲಿ 50 ಭಾಗ, ಅಂದರೆ 1.27 ಮಿ.ಮೀ. ಎದ್ದ ಮೇಲೆ. ಜಾಹೀರಾತಿನಲ್ಲಿ 280 ಡಿಗ್ರಿ ಎಂದು ಬರೆದ ಕ್ಯಾಮ್ ಈ ಎರಡನೆಯ ಲೆಕ್ಕದಲ್ಲಿ 230ರ ಹತ್ತಿರ ಬರುವುದು ಸಾಮಾನ್ಯ. ಎಷ್ಟು ಲಿಫ್ಟ್‌ನಲ್ಲಿ ಅಳೆದದ್ದು ಎಂದು ಹೇಳದ ಡ್ಯುರೇಶನ್ ಅಂಕಿಯಿಂದ ಏನೂ ತಿಳಿಯುವುದಿಲ್ಲ.

398 ಸಿಸಿ 349 ಆದರೆ ಏನಾದೀತು?

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಟ್ರಯಂಫ್ ಸ್ಪೀಡ್ 400ರ ಅಂಕಿಗಳು ಎಲ್ಲರಿಗೂ ಲಭ್ಯ: 398.15 ಸಿಸಿ, 89 ಮಿ.ಮೀ. ಅಗಲ, 64 ಮಿ.ಮೀ. ಸ್ಟ್ರೋಕ್, 8,000 ಆರ್‌ಪಿಎಂನಲ್ಲಿ 40 ಪಿಎಸ್, 6,500ರಲ್ಲಿ 37.5 ಎನ್‌ಎಂ. ಇಂಥದೊಂದು ಎಂಜಿನ್ನನ್ನು 349 ಸಿಸಿಗೆ ಇಳಿಸಿದರೆ ಏನಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕೋಣ. ಇದು ಯಾವ ಕಂಪನಿಯ ಯೋಜನೆಯ ವಿವರವೂ ಅಲ್ಲ, ಬರಿಯ ಗಣಿತ.

ಅಗಲ ಹಾಗೇ ಉಳಿಸಿ ಸ್ಟ್ರೋಕನ್ನು 56.1 ಮಿ.ಮೀ.ಗೆ ತಗ್ಗಿಸಿದರೆ 349 ಸಿಸಿ ಸಿಗುತ್ತದೆ. ಸಿಲಿಂಡರ್ ಮೊದಲಿನಷ್ಟೇ ಚೆನ್ನಾಗಿ ತುಂಬಿದರೂ ಗರಿಷ್ಠ ಟಾರ್ಕ್ 37.5ರಿಂದ ಸುಮಾರು 33 ಎನ್‌ಎಂಗೆ ಇಳಿಯುತ್ತದೆ. ಈ ಶೇ 12ರ ನಷ್ಟವನ್ನು ಯಾವ ಕ್ಯಾಮೂ ಪೂರ್ತಿ ತುಂಬಿಕೊಡಲಾರದು. ಟಾರ್ಕನ್ನು ಒಂದು ವೇಗದಿಂದ ಇನ್ನೊಂದಕ್ಕೆ ಸರಿಸುವುದು ಕ್ಯಾಮ್‌ನಿಂದ ಸಾಧ್ಯ. ಇಲ್ಲದ ಸಿಸಿಯನ್ನು ಸೃಷ್ಟಿಸುವುದು ಸಾಧ್ಯವಿಲ್ಲ.

ಆದರೆ ಶಕ್ತಿಯ ಅಂಕಿಯನ್ನು ಉಳಿಸಿಕೊಳ್ಳಬಹುದು. 8,000 ಆರ್‌ಪಿಎಂನಲ್ಲಿ ಮೂಲ ಎಂಜಿನ್ ಕೊಡುವ ಟಾರ್ಕ್, ನಮ್ಮ ಸೂತ್ರದ ಪ್ರಕಾರ, 35 ಎನ್‌ಎಂ. ಕಿರಿದಾದ ಎಂಜಿನ್ನಿನಲ್ಲಿ ಅದು 30.8 ಆಗುತ್ತದೆ. ಅಷ್ಟು ಟಾರ್ಕ್‌ನಿಂದ 40 ಪಿಎಸ್ ಬೇಕಾದರೆ ಎಂಜಿನ್ ಸುಮಾರು 9,100 ಆರ್‌ಪಿಎಂಗೆ ಏರಬೇಕು, ಮತ್ತು ಆ ವೇಗದಲ್ಲೂ ಮೊದಲಿನಷ್ಟೇ ತುಂಬಿಕೊಳ್ಳಬೇಕು.

ಪಿಸ್ಟನ್ ಇದಕ್ಕೆ ತಕರಾರು ಮಾಡುವುದಿಲ್ಲ. ಸ್ಟ್ರೋಕ್ ಕಿರಿದಾಗಿರುವುದರಿಂದ 9,100ರಲ್ಲೂ ಅದರ ಸರಾಸರಿ ವೇಗ ಸೆಕೆಂಡಿಗೆ 17 ಮೀಟರ್. ಮೂಲ ಎಂಜಿನ್ 8,000ದಲ್ಲಿ ಓಡುವಾಗ ಇದ್ದಷ್ಟೇ. ತಕರಾರು ಬರುವುದು ಹೆಡ್‌ನಿಂದ. ವಾಲ್ವ್, ಅದನ್ನೊತ್ತುವ ಭಾಗಗಳು, ಸ್ಪ್ರಿಂಗ್ ಇವುಗಳ ಮೇಲಿನ ಜಡತ್ವದ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಶೇ 14ರಷ್ಟು ಏರಿದರೆ ಬಲ ಸುಮಾರು ಶೇ 30ರಷ್ಟು ಏರುತ್ತದೆ. ಸ್ಪ್ರಿಂಗ್ ಸೋತರೆ ವಾಲ್ವ್ ಉಬ್ಬನ್ನು ಹಿಂಬಾಲಿಸದೆ ತೇಲುತ್ತದೆ. ಸ್ಪ್ರಿಂಗ್ ಬಿಗಿ ಮಾಡಿದರೆ ಕ್ಯಾಮ್‌ನ ಉಬ್ಬು ಬೇಗ ಸವೆಯುತ್ತದೆ. ಇದನ್ನು ತಡೆಯಲು ಹಗುರ ಭಾಗಗಳು, ಗಟ್ಟಿ ಲೇಪನ ಬೇಕು, ಅವು ಅಗ್ಗವಲ್ಲ.

ಇನ್ನು ಕ್ಯಾಮ್‌ನ ಅವಧಿ. 9,100ರಲ್ಲಿ ಮೊದಲಿನಷ್ಟೇ ಮಿಲಿಸೆಕೆಂಡುಗಳ ಅವಕಾಶ ಬೇಕೆಂದರೆ ಡಿಗ್ರಿಗಳನ್ನು ಹೆಚ್ಚಿಸಬೇಕು. ಸಿಲಿಂಡರ್ ಚಿಕ್ಕದಾಗಿರುವುದರಿಂದ ಪೂರ್ತಿ ಶೇ 14ರಷ್ಟು ಹೆಚ್ಚಿಸುವ ಅಗತ್ಯ ಬೀಳದು, ಏಕೆಂದರೆ ಅದೇ ವಾಲ್ವ್‌ಗಳು ಈಗ ಕಡಿಮೆ ಜಾಗವನ್ನು ತುಂಬಬೇಕು. ಆದರೂ ಹೆಚ್ಚಿಸಿದ ಪ್ರತಿ ಡಿಗ್ರಿಯೂ 3,000 ಆರ್‌ಪಿಎಂನ ಪಿಕಪ್‌ನಿಂದ ಕಡಿತವಾಗುತ್ತದೆ. ಹೀಗೆ ಕರಪತ್ರದಲ್ಲಿ 40 ಪಿಎಸ್ ಎಂಬ ಅಂಕಿ ಹಾಗೇ ಉಳಿಯಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎರಡನೇ ಗೇರ್‌ನಲ್ಲಿ ತೆವಳುವಾಗ ಸವಾರನಿಗೆ ಸಿಗುವ ಎಳೆತ ಶೇ 12ಕ್ಕಿಂತ ಹೆಚ್ಚೇ ತಗ್ಗಬಹುದು. ಕಂಪನಿಗಳು ಇದನ್ನು ಮರೆಮಾಚಲು ಸ್ಪ್ರಾಕೆಟ್ ಬದಲಿಸಿ ಗೇರ್ ಅನುಪಾತ ಗಿಡ್ಡ ಮಾಡುತ್ತವೆ. ಆಗ ಚಕ್ರಕ್ಕೆ ಎಳೆತ ಮರಳುತ್ತದೆ, ಆದರೆ ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತಬೇಕು. ಸದ್ದು, ನಡುಕ, ಪೆಟ್ರೋಲ್ ಖರ್ಚು ಏರುತ್ತವೆ. ಇನ್ನೊಂದು ದಾರಿ, ಕ್ಯಾಮನ್ನು ಮೃದುವಾಗಿಯೇ ಇಟ್ಟು ಶಕ್ತಿಯ ಅಂಕಿ 35 ಪಿಎಸ್ ಆಸುಪಾಸಿಗೆ ಇಳಿಯುವುದನ್ನು ಒಪ್ಪಿಕೊಳ್ಳುವುದು. ನಮ್ಮ ನಗರಗಳ ಓಡಾಟಕ್ಕೆ ಇದೇ ಮೇಲು. ಆದರೆ ಮಾರಾಟದ ಮಳಿಗೆಯಲ್ಲಿ ಇಳಿದ ಅಂಕಿಯನ್ನು ಸಮರ್ಥಿಸುವುದು ಕಷ್ಟ ಎಂಬ ಭಯ ಈ ದಾರಿಗೆ ಅಡ್ಡ ನಿಲ್ಲುತ್ತದೆ.

ಗೆರೆ ಎಲ್ಲಿ ಎಳೆಯಬೇಕು?

ಸರ್ಕಾರದ ತರ್ಕ ಸರಳ. ಬಹುಜನರು ಓಡಿಸುವುದು ಸಣ್ಣ ಬೈಕುಗಳನ್ನು. ಅವಕ್ಕೆ ರಿಯಾಯಿತಿ ಕೊಡಬೇಕು, ದೊಡ್ಡ ಬೈಕುಗಳನ್ನು ವಿಲಾಸದ ವಸ್ತುಗಳ ಸಾಲಿಗೆ ಸೇರಿಸಬೇಕು. ಸಿಸಿಯನ್ನು ಅಳೆಯುವುದು ಸುಲಭ, ಅದು ನೋಂದಣಿ ಪತ್ರದಲ್ಲೇ ಇರುತ್ತದೆ, ವಾದಕ್ಕೆ ಎಡೆ ಕಡಿಮೆ. ಮತ್ತೊಂದೆಡೆ, ರಾಯಲ್ ಎನ್‌ಫೀಲ್ಡ್ ಒಡೆತನದ ಐಷರ್ ಮೋಟಾರ್ಸ್‌ನ ಸಿದ್ಧಾರ್ಥ ಲಾಲ್ ಎಲ್ಲ ದ್ವಿಚಕ್ರ ವಾಹನಗಳಿಗೂ ಶೇ 18ರ ಏಕರೂಪ ದರ ಬೇಕೆಂದು ಬಹಿರಂಗವಾಗಿ ಕೋರಿದ್ದರು. ಅವರ ಕಂಪನಿಯ ಹೆಚ್ಚು ಮಾರಾಟವಾಗುವ ಬೈಕುಗಳು ಗೆರೆಯ ಈಚೆಗೇ ಇವೆ. ಆಚೆಗಿರುವುದು 450, 650 ಸಿಸಿಯವು. ಮಧ್ಯಮ ಗಾತ್ರದ ಬೈಕುಗಳ ರಫ್ತಿನಲ್ಲಿ ಭಾರತ ಬೆಳೆಯುತ್ತಿರುವಾಗ ಸ್ವದೇಶಿ ಮಾರುಕಟ್ಟೆಯಲ್ಲೇ ಅವುಗಳಿಗೆ ಹೊರೆ ಹೇರಬಾರದು ಎಂಬುದು ಈ ಪಕ್ಷದ ಕಾಳಜಿ.

ಯುರೋಪಿನಲ್ಲಿ ಗೆರೆ ಎಳೆದಿರುವ ಬಗೆಯೇ ಬೇರೆ. ಅಲ್ಲಿ ಮಧ್ಯಮ ದರ್ಜೆಯ ಎ2 ಪರವಾನಗಿಗೆ ಮಿತಿ ಇರುವುದು ಸಿಸಿಗಲ್ಲ, 35 ಕಿಲೋವ್ಯಾಟ್ ಶಕ್ತಿಗೆ. ಅದರಿಂದ ದೊಡ್ಡ ಎಂಜಿನ್ನನ್ನೂ ನಿಧಾನವಾಗಿ, ಆಯಾಸವಿಲ್ಲದೆ ಓಡುವಂತೆ ಹದಗೊಳಿಸುವುದು ಕಂಪನಿಗಳಿಗೆ ಲಾಭಕರ. ಸಿಸಿಗೆ ಗೆರೆ ಎಳೆದಲ್ಲಿ ಇದಕ್ಕೆ ತದ್ವಿರುದ್ಧ: ಸಣ್ಣ ಎಂಜಿನ್ನನ್ನು ಹೆಚ್ಚು ಸುತ್ತಿಸುವುದೇ ಲಾಭ. ಈ ಲೇಖಕರ ಅಭಿಪ್ರಾಯದಲ್ಲಿ ಸಿಸಿ ಗೆರೆಯ ದೊಡ್ಡ ದೋಷ ಇದು. ತೆರಿಗೆ ಎಷ್ಟು ಎಂಬುದು ಸರ್ಕಾರದ ಆಯ್ಕೆ. ಆದರೆ ಸಿಸಿಗೆ ಕಟ್ಟಿದ ತೆರಿಗೆ ಎಂಜಿನ್ನಿನ ಸ್ವಭಾವವನ್ನು ಸವಾರನ ಅಗತ್ಯದಿಂದ ದೂರಕ್ಕೆ ತಳ್ಳುತ್ತದೆ.

ಜಪಾನ್ ಕಂಡುಕೊಂಡ ದಾರಿ

ಹೀಗೆ ತಳ್ಳಿದಾಗ ಏನಾಗುತ್ತದೆ ಎಂಬುದನ್ನು ಜಪಾನ್ ಈಗಾಗಲೇ ತೋರಿಸಿದೆ. ಅಲ್ಲಿ 1975ರಿಂದ ಪರವಾನಗಿಯ ಗೆರೆ 400 ಸಿಸಿಗೆ ಬಿತ್ತು. 399 ಸಿಸಿಯ, ನಾಲ್ಕು ಸಿಲಿಂಡರುಗಳ ಬೈಕುಗಳ ಒಂದು ವರ್ಗವೇ ಅದರಿಂದ ಬೆಳೆಯಿತು. ಅವು ಮೇಲಿನ ವೇಗದಲ್ಲಿ ಹಾಡುತ್ತಿದ್ದವು, ಕೆಳಗಿನ ವೇಗದಲ್ಲಿ ಸೊರಗುತ್ತಿದ್ದವು. 1999ರಲ್ಲಿ ಹೋಂಡಾ ತನ್ನ ಸಿಬಿ400 ಸೂಪರ್ ಫೋರ್‌ಗೆ ಹೈಪರ್ ವಿಟೆಕ್ ಎಂಬ ವಾಲ್ವ್ ವ್ಯವಸ್ಥೆ ಅಳವಡಿಸಿತು. ಕೆಳಗಿನ ವೇಗದಲ್ಲಿ ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್ ಕೆಲಸ ಮಾಡುತ್ತಿದ್ದವು. 6,750 ಆರ್‌ಪಿಎಂ ದಾಟಿದ ಮೇಲೆ ಉಳಿದೆರಡೂ ಸೇರಿಕೊಳ್ಳುತ್ತಿದ್ದವು. ಕಿಂಡಿ ಕಿರಿದಾದಾಗ ಗಾಳಿಯ ರಭಸ ಏರುತ್ತದೆ, ಆದ್ದರಿಂದ ಕೆಳಗೂ ಪಿಕಪ್ ಸಿಕ್ಕಿತು. 2022ರಲ್ಲಿ ಹೊಸ ಹೊಗೆ ನಿಯಮಗಳ ಎದುರು ಆ ಬೈಕಿನ ಉತ್ಪಾದನೆ ನಿಂತಿತು.

ಇದೇ ಜಾಡಿನ ಸರಳ ರೂಪ ನಮ್ಮ ರಸ್ತೆಗಳಲ್ಲೇ ಇದೆ. 2018ರಲ್ಲಿ ಬಂದ ಯಮಹಾ ಆರ್15ರ ಮೂರನೇ ಆವೃತ್ತಿಯ 155 ಸಿಸಿ ಎಂಜಿನ್ನಿನಲ್ಲಿ ಇನ್‌ಲೆಟ್‌ಗೆ ಎರಡು ಬಗೆಯ ಉಬ್ಬುಗಳಿವೆ. 7,400 ಆರ್‌ಪಿಎಂವರೆಗೆ ಸೌಮ್ಯವಾದದ್ದು ಕೆಲಸ ಮಾಡುತ್ತದೆ. ಅದನ್ನು ದಾಟಿದಾಗ ವಿದ್ಯುತ್ತಿನಿಂದ ಕೆಲಸ ಮಾಡುವ ಸೊಲೆನಾಯ್ಡ್ ಒಂದು ಪಿನ್ನನ್ನು ತಳ್ಳಿ ಎತ್ತರದ ಉಬ್ಬಿನ ರಾಕರನ್ನು ಜೋಡಿಸುತ್ತದೆ. ಬೈಕಿನಲ್ಲಿ ಇಂಥ ವ್ಯವಸ್ಥೆ ದುಬಾರಿ ಎಂಬ ವಾದ 155 ಸಿಸಿಯ ಮಟ್ಟದಲ್ಲೇ ಬಿದ್ದುಹೋಗಿದೆ. 350 ಸಿಸಿಯೊಳಗೆ 400ರ ಅನುಭವ ಕೊಡುತ್ತೇವೆ ಎನ್ನುವ ಕಂಪನಿಯಿಂದ ಗ್ರಾಹಕರು ಇದನ್ನು ನಿರೀಕ್ಷಿಸುವುದು ನ್ಯಾಯವೇ.

ಬಿಡದಿಯ ಎಂಜಿನ್ ಹೇಳುವ ಎದುರು ಕಥೆ

ವಾಲ್ವ್ ತಡವಾಗಿ ಮುಚ್ಚುವುದು ಯಾವಾಗಲೂ ಶಕ್ತಿಗಾಗಿಯೇ ಎಂದುಕೊಳ್ಳಬಾರದು. ಬೆಂಗಳೂರಿಗೆ ಸಮೀಪದ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ 1,987 ಸಿಸಿ ಎಂಜಿನ್ ಎರಡು ರೂಪದಲ್ಲಿ ಬರುತ್ತದೆ. ಹೈಬ್ರಿಡ್ ಅಲ್ಲದ್ದು 174 ಪಿಎಸ್ ಕೊಡುತ್ತದೆ, ಹೈಬ್ರಿಡ್‌ನೊಳಗಿನದು 152 ಪಿಎಸ್. ಹೈಬ್ರಿಡ್‌ನಲ್ಲಿ ಇನ್‌ಲೆಟ್ ವಾಲ್ವನ್ನು ಉದ್ದೇಶಪೂರ್ವಕವಾಗಿ ತಡವಾಗಿ ಮುಚ್ಚಿ, ಒಳಬಂದ ಮಿಶ್ರಣದ ಒಂದು ಪಾಲನ್ನು ಹಿಂದಕ್ಕೆ ಹೋಗಗೊಡುತ್ತಾರೆ. ಕಡಿಮೆ ತುಂಬಿಸಿ, ಅದನ್ನು ಪೂರ್ತಿ ಹಿಗ್ಗಿಸಿ, ಪ್ರತಿ ಹನಿಯಿಂದ ಹೆಚ್ಚು ಕೆಲಸ ತೆಗೆಯುವ ಆಟ್ಕಿನ್ಸನ್ ವಿಧಾನ ಇದು. ಕಳೆದುಕೊಂಡ ಪಿಕಪ್ಪನ್ನು ವಿದ್ಯುತ್ ಮೋಟಾರ್ ತುಂಬಿಕೊಡುತ್ತದೆ. ಪರೀಕ್ಷೆಯ ಮೈಲೇಜ್ ಹೈಬ್ರಿಡ್‌ಗೆ ಲೀಟರಿಗೆ 23.24 ಕಿ.ಮೀ., ಇನ್ನೊಂದಕ್ಕೆ 16.13. ಸಾಮಾನ್ಯ ಬೈಕಿನಲ್ಲಿ ಮೋಟಾರಿನ ನೆರವಿಲ್ಲ. ಅಲ್ಲಿ ಕ್ಯಾಮ್ ಒಂದೇ ಕೆಳಗಿನ ವೇಗವನ್ನೂ ಮೇಲಿನ ವೇಗವನ್ನೂ ತೂಗಬೇಕು.

ಬಿಡಿಯಾಗಿ ಸಿಗುವ ಕ್ಯಾಮ್‌ಗಳು

350ರೊಳಗಿನ ಬೈಕ್ ಕೊಂಡು ಹೊರಗಿನಿಂದ ಕ್ಯಾಮ್ ತಂದು ಹಾಕಿಸಿದರಾಯಿತು ಎಂಬ ಯೋಚನೆ ಇದರ ಬೆನ್ನಿಗೇ ಬರುತ್ತದೆ. ದೀರ್ಘ ಅವಧಿಯ ಕ್ಯಾಮ್ ಒಂದನ್ನೇ ಹಾಕಿದರೆ ಮೇಲೆ ಹೇಳಿದ ಕಂಪ್ರೆಶನ್ ನಷ್ಟ ಪೂರ್ತಿಯಾಗಿ ಸವಾರನ ಪಾಲಿಗೆ ಬರುತ್ತದೆ. ಅದನ್ನು ಸರಿದೂಗಿಸುವ ಪಿಸ್ಟನ್, ಸ್ಪ್ರಿಂಗ್, ಇಸಿಯು ಮ್ಯಾಪ್ (ಎಂಜಿನ್ನಿನ ಕಂಪ್ಯೂಟರಿನ ಹೊಂದಾಣಿಕೆ) ಯಾವುದೂ ಜೊತೆಗಿರುವುದಿಲ್ಲ. ವಾರಂಟಿ ಹೋಗುತ್ತದೆ. ವಾಹನದ ಹೊಗೆ ಪ್ರಮಾಣಕ್ಕೆ ಮಾನ್ಯತೆ ಸಿಕ್ಕಿದ್ದು ಮೂಲ ಕ್ಯಾಮ್‌ನೊಂದಿಗೆ. ಓವರ್‌ಲ್ಯಾಪ್ ಹೆಚ್ಚಿದರೆ ಅದು ಮೀರುತ್ತದೆ. ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದನ್ನೂ ನೆನಪಿಡಬೇಕು.

ಮಳಿಗೆಯಲ್ಲಿ ಏನು ನೋಡಬೇಕು

ಕ್ಯಾಮ್‌ನ ಡಿಗ್ರಿಗಳನ್ನು ಯಾವ ಕರಪತ್ರವೂ ಹೇಳದಿದ್ದರೂ ಅದರ ನೆರಳು ಎರಡು ಅಂಕಿಗಳಲ್ಲಿ ಕಾಣುತ್ತದೆ: ಗರಿಷ್ಠ ಟಾರ್ಕ್ ಸಿಗುವ ಆರ್‌ಪಿಎಂ ಮತ್ತು ಗರಿಷ್ಠ ಶಕ್ತಿ ಸಿಗುವ ಆರ್‌ಪಿಎಂ. ಹೋಂಡಾ ಹೈನೆಸ್ ಸಿಬಿ350ರಲ್ಲಿ ಇವು 3,000 ಮತ್ತು 5,500. ಆರ್15ರ ನಾಲ್ಕನೇ ಆವೃತ್ತಿಯಲ್ಲಿ 7,500 ಮತ್ತು 10,000. ನಗರದ ಓಡಾಟ ಹೆಚ್ಚಾಗಿ ಸಾಗುವುದು 5,000ದ ಕೆಳಗೆ. ಹಳೆಯ 400ರ ಜಾಗಕ್ಕೆ ಹೊಸ 350 ಬಂದಾಗ ಪಿಎಸ್ ಎಷ್ಟು ಉಳಿಯಿತು ಎಂದು ನೋಡುವ ಮುನ್ನ ಟಾರ್ಕ್‌ನ ಪಕ್ಕದಲ್ಲಿರುವ ಆರ್‌ಪಿಎಂ ಎಷ್ಟು ಮೇಲೇರಿತು ಎಂದು ನೋಡಬೇಕು. ಆಮೇಲೆ ಟೆಸ್ಟ್ ರೈಡ್ ಕೇಳಿ ಪಡೆದು, ಮೂರನೇ ಗೇರ್‌ನಲ್ಲಿ 30 ಕಿ.ಮೀ. ವೇಗದಿಂದ, ಕ್ಲಚ್ ಮುಟ್ಟದೆ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಆಕ್ಸಿಲರೇಟರ್ ತಿರುಗಿಸಬೇಕು. ವಾಲ್ವ್ ಎಷ್ಟು ಹೊತ್ತಿಗೆ ಮುಚ್ಚುತ್ತಿದೆ ಎಂಬುದು ಆಗ ಕೈಗೆ ತಿಳಿಯುತ್ತದೆ.